ಚಿತ್ರದಲ್ಲಿದ್ದದ್ದು ಗಂಗೆಯ ಡಾಲ್ಫಿನ್ ಅಲ್ಲ

ಮಾನ್ಯ ಸಂಪಾದಕರಿಗೆ,

ವಂದನೆಗಳು. ಕಳೆದ ಭಾನುವಾರದ ಪುರವಣಿಯಲ್ಲಿ ತಾವು ಗಂಗಾ ನದಿಯ ಡಾಲ್ಫಿನ್ ಕುರಿತು ಅರ್ಧ ಪುಟದ ಲೇಖನವೊಂದನ್ನು ಪ್ರಕಟಿಸಿದ್ದೀರಿ. ಅಷ್ಟು ದೂರದ ಒಂದು ಜಲಚರಕ್ಕೆ ಕನ್ನಡ ಪತ್ರಿಕೆ ಇಷ್ಟು ಜಾಗ ಕೊಟ್ಟದ್ದಕ್ಕೆ ಮೊದಲು ಕೃತಜ್ಞತೆಗಳು. ಲೇಖನದಲ್ಲಿದ್ದ ಅಂಕಿಗಳೂ ಸರಿಯಾಗಿಯೇ ಇದ್ದವು. ನನ್ನ ತಕರಾರು ಇರುವುದು ಅದರ ಮೇಲೆ ನಾಲ್ಕು ಕಾಲಂ ಅಗಲಕ್ಕೆ ಹಾಕಿದ್ದ ಬಣ್ಣದ ಚಿತ್ರದ ಬಗ್ಗೆ. ತಿಳಿನೀಲಿ ನೀರಿನಿಂದ ಆಳೆತ್ತರ ಚಿಮ್ಮಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಹೊಳೆಯುವ ಕಣ್ಣಿನಿಂದ ಓದುಗನತ್ತ ನೋಡುತ್ತ ನಗುತ್ತಿರುವಂತೆ ಕಾಣುವ ಆ ಪ್ರಾಣಿ ಕಡಲಿನ ಬಾಟಲ್‌ನೋಸ್ ಡಾಲ್ಫಿನ್. ಗಂಗೆಯ ಡಾಲ್ಫಿನ್ ಹಾಗೆ ಚಿಮ್ಮುವುದು ತೀರಾ ಅಪರೂಪ, ಅದರ ನೀರು ನೀಲಿಯಲ್ಲ, ಮತ್ತು ಅದು ಯಾರನ್ನೂ ನೋಡಲಾರದು.

ಇದೊಂದು ಸಣ್ಣ ತಪ್ಪು, ಪುಟ ಕಟ್ಟುವ ಗಡಿಬಿಡಿಯಲ್ಲಿ ಆಗುವಂಥದ್ದು ಎಂದು ಸುಮ್ಮನಿರಬಹುದಿತ್ತು. ಆದರೆ ಇದೇ ತಪ್ಪನ್ನು ನಾನು ಶಾಲೆಯ ಗೋಡೆಚಿತ್ರಗಳಲ್ಲಿ, ರಸಪ್ರಶ್ನೆಯ ಪುಸ್ತಕಗಳಲ್ಲಿ, ಒಮ್ಮೆ ಪರಿಸರ ದಿನಾಚರಣೆಯ ಬ್ಯಾನರಿನಲ್ಲಿಯೂ ಕಂಡಿದ್ದೇನೆ. ನಮ್ಮ ರಾಷ್ಟ್ರೀಯ ಜಲಚರದ ಬಗ್ಗೆ ನಮ್ಮ ಮನಸ್ಸಿನಲ್ಲಿರುವ ಚಿತ್ರವೇ ಬೇರೆ ಪ್ರಾಣಿಯದ್ದಾದರೆ, ಅದಕ್ಕೆ ಬಂದಿರುವ ಕಷ್ಟ ಏನೆಂಬುದೂ ನಮಗೆ ತಿಳಿಯುವುದಿಲ್ಲ. ಆದ್ದರಿಂದ ಈ ಪತ್ರ ಕೊಂಚ ದೀರ್ಘವಾಗುತ್ತದೆ. ಜಾಗವಿಲ್ಲದಿದ್ದರೆ ಕತ್ತರಿಸುವ ಅಧಿಕಾರ ತಮ್ಮದೇ.

ನಾನು ಪ್ರಾಣಿಶಾಸ್ತ್ರಜ್ಞನಲ್ಲ, ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ತೊಂಬತ್ತರ ದಶಕದಲ್ಲಿ ವರ್ಗವಾಗಿ ಬಿಹಾರದ ಭಾಗಲ್ಪುರಕ್ಕೆ ಹೋಗಿ ನಾಲ್ಕು ವರ್ಷ ಅಲ್ಲಿದ್ದೆ. ಆಗಿನ್ನೂ ಅಲ್ಲಿ ಗಂಗೆಯ ಮೇಲೆ ವಿಕ್ರಮಶಿಲಾ ಸೇತುವೆ ಆಗಿರಲಿಲ್ಲ. ಆಚೆ ದಡಕ್ಕೆ ಹೋಗಬೇಕಾದವರು ಬರಾರಿ ಘಾಟಿಗೆ ಬಂದು ಕಾಯಬೇಕಿತ್ತು. ಸಂಜೆ ಹೊತ್ತು ನಾನೂ ಅಲ್ಲಿ ಹೋಗಿ ಕುಳಿತುಕೊಳ್ಳುತ್ತಿದ್ದೆ. ಮೊದಲ ವಾರ ಏನೂ ಕಾಣಲಿಲ್ಲ. ಬೂದುಬಣ್ಣದ, ಹಾಲು ಬೆರೆಸಿದ ಚಹಾದಂಥ ನೀರು, ಅದರ ಮೇಲೆ ತೇಲಿಬರುವ ಹೂವು, ಬಾಳೆದಿಂಡು, ಅಷ್ಟೆ. ಪಕ್ಕದಲ್ಲಿ ಬಲೆಯ ತೂತು ಹೆಣೆಯುತ್ತಿದ್ದ ವಯಸ್ಸಾದ ಮಲ್ಲಾಹ (ಅಲ್ಲಿಯ ಅಂಬಿಗ, ಮೀನುಗಾರ ಸಮುದಾಯದವರು) ಒಬ್ಬರು ನನ್ನ ಅವಸ್ಥೆ ನೋಡಿ, ‘ಬಾಬು, ಸೋಂಸನ್ನು ನೋಡಬೇಕೆಂದರೆ ಕಣ್ಣು ಬಿಟ್ಟುಕೊಂಡು ಕೂತರೆ ಆಗದು, ಉಸಿರು ಕೇಳಿಸಿಕೊಳ್ಳಿ’ ಎಂದರು. ಹಾಗೆ ಮಾಡಿದೆ. ತುಸು ಹೊತ್ತಿನ ಮೇಲೆ, ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟಂತೆ ‘ಸೂ...’ ಎಂಬ ಸದ್ದು ಬಂತು. ತಿರುಗಿ ನೋಡುವಷ್ಟರಲ್ಲಿ ಒಂದು ಉದ್ದನೆಯ ಮೂತಿಯೂ ಮಂಕು ಬೂದಿಯ ಬೆನ್ನೂ ಹೊರಳಿ ಒಳಗೆ ಹೋದವು. ಮೇಲೆ ಇದ್ದದ್ದು ಒಂದು ಸೆಕೆಂಡಿಗಿಂತ ಹೆಚ್ಚಿರಲಾರದು. ಆ ಉಸಿರಿನ ಸದ್ದಿನಿಂದಲೇ ಅದಕ್ಕೆ ಹಿಂದಿಯಲ್ಲಿ ಸೂಸು, ಸೋಂಸ್ ಎಂದೂ, ಬಂಗಾಳಿಯಲ್ಲಿ ಶುಶುಕ್ ಎಂದೂ ಹೆಸರು ಬಂತೆಂದು ಅಲ್ಲಿಯ ಜನ ಹೇಳುತ್ತಾರೆ. ಸಂಸ್ಕೃತದ ಶಿಶುಮಾರ ಎಂಬ ಪದವೇ ಸವೆದು ಹೀಗಾಗಿದೆ ಎನ್ನುವ ಭಾಷಾಶಾಸ್ತ್ರಜ್ಞರೂ ಇದ್ದಾರೆ. ಎರಡೂ ಸರಿಯಿರಬಹುದು.

ಆ ನಾಲ್ಕು ವರ್ಷಗಳಲ್ಲಿ ನಾನು ತೆಗೆದ ಫೋಟೊಗಳು ಮೂರು ರೀಲಿನಷ್ಟಿವೆ. ಅವುಗಳಲ್ಲಿ ಡಾಲ್ಫಿನ್ ಇರುವುದು ಒಂದರಲ್ಲಿ ಮಾತ್ರ, ಅದೂ ಬಾಲದ ತುದಿ. ಉಳಿದವೆಲ್ಲ ನೀರಿನ ಮೇಲಿನ ವೃತ್ತಗಳು. ಪತ್ರಿಕೆಗಳಿಗೆ ಈ ಪ್ರಾಣಿಯ ಒಳ್ಳೆಯ ಚಿತ್ರ ಸುಲಭವಾಗಿ ಸಿಗದಿರುವುದು ಏಕೆ ಎಂಬುದು ಅದರಿಂದಲೇ ನನಗೆ ಅರ್ಥವಾಗುತ್ತದೆ.

ಈಗ ಪ್ರಾಣಿಯ ವಿಷಯಕ್ಕೆ ಬರುತ್ತೇನೆ. ಗಂಗೆಯ ಡಾಲ್ಫಿನ್ನಿನ ಕಣ್ಣು ಸೂಜಿಮೊನೆಯಷ್ಟು ಸಣ್ಣ ರಂಧ್ರದಂತೆ ತೋರುತ್ತದೆ. ಒಳಗೆ ಮಸೂರವೇ ಇಲ್ಲ, ಕಣ್ಣಿನಿಂದ ಮಿದುಳಿಗೆ ಹೋಗುವ ನರ ದಾರದೆಳೆಯಷ್ಟು ಕ್ಷೀಣವಾಗಿದೆ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬಷ್ಟು ಗೊತ್ತಾಗಬಹುದು, ಆಕಾರ ಕಾಣುವುದಿಲ್ಲ. ಹಿಮಾಲಯದಿಂದ ಇಷ್ಟೊಂದು ಹೂಳು ಹೊತ್ತು ತರುವ ನದಿಯಲ್ಲಿ ಒಂದು ಮೊಳ ಕೆಳಗೆ ಹೋದರೆ ಕತ್ತಲೆಯೇ. ಅಂಥಲ್ಲಿ ಲಕ್ಷಾಂತರ ವರ್ಷ ಬಾಳಿದ ಪ್ರಾಣಿಗೆ ಕಣ್ಣು ಇದ್ದೂ ಉಪಯೋಗವಿರಲಿಲ್ಲ. ಅದಕ್ಕೆ ಬದಲಾಗಿ ಅದು ಬದುಕನ್ನೆಲ್ಲ ಕಿವಿಗೆ ಒಪ್ಪಿಸಿಕೊಂಡಿದೆ. ಹಗಲೂ ರಾತ್ರಿಯೂ ಹೆಚ್ಚುಕಡಿಮೆ ಬಿಡುವಿಲ್ಲದೆ ಅದು ಚಿಟಿಕೆ ಹೊಡೆದಂಥ ಚಿಕ್ಕ ಚಿಕ್ಕ ಸದ್ದುಗಳನ್ನು ಹೊರಡಿಸುತ್ತ, ಅವು ಮೀನಿಗೋ ಬಂಡೆಗೋ ಬಡಿದು ಹಿಂದಿರುಗುವ ಪ್ರತಿಧ್ವನಿಯನ್ನು ಕೇಳಿ ಎದುರಿನ ಲೋಕವನ್ನು ಅರಿಯುತ್ತದೆ. ಈ ಸದ್ದಿನ ಕಂಪನ ಸೆಕೆಂಡಿಗೆ ಸುಮಾರು 60,000. ಮನುಷ್ಯನ ಕಿವಿಯ ಮಿತಿ 20,000. ದಡದಲ್ಲಿ ಕುಳಿತವನಿಗೆ ನಿಶ್ಶಬ್ದವಾಗಿ ತೋರುವ ನದಿಯ ಒಳಗೆ ಹೀಗೆ ಸದಾಕಾಲ ಒಂದು ಮಾತುಕತೆ ನಡೆದಿರುತ್ತದೆ, ನಮಗೆ ಕೇಳಿಸುವುದು ಅದರ ನಡುವಿನ ಉಸಿರು ಮಾತ್ರ.

ಅದರ ತಲೆಬುರುಡೆಯ ಎಲುಬನ್ನು ನೋಡಿದವರಿಗೆ ಇನ್ನೊಂದು ವಿಚಿತ್ರ ಕಾಣುತ್ತದೆ. ಮೇಲ್ದವಡೆಯ ಎರಡು ಮೂಳೆಗಳು ಮುಂದಕ್ಕೆ ರೆಕ್ಕೆಯಂತೆ ಚಾಚಿಕೊಂಡು, ಬೊಗಸೆಯಲ್ಲಿ ಹಿಡಿದ ಹಾಗೆ ಹಣೆಯ ಕೊಬ್ಬಿನ ಗಡ್ಡೆಯನ್ನು ಸುತ್ತುವರಿದಿವೆ. ಸಿಂಧೂ ನದಿಯ ಡಾಲ್ಫಿನ್ನನ್ನು ಬಿಟ್ಟರೆ ಇಂದು ಜೀವಿಸಿರುವ ಬೇರೆ ಯಾವ ಡಾಲ್ಫಿನ್ನಿಗೂ ಇಂಥ ರಚನೆಯಿಲ್ಲ. ಸದ್ದನ್ನು ಚದುರದಂತೆ ಒಂದು ದಿಕ್ಕಿಗೆ ಕಳಿಸಲು ಇದು ನೆರವಾಗುತ್ತದೆಂದು ತಜ್ಞರು ಭಾವಿಸುತ್ತಾರೆ. ಕತ್ತಲೆಯಲ್ಲಿ ಟಾರ್ಚ್ ಹಿಡಿದು ನಡೆಯುವವರು ಅದನ್ನು ಎಡಕ್ಕೂ ಬಲಕ್ಕೂ ಆಡಿಸುವಂತೆ ಇದೂ ಈಜುವಾಗ ತಲೆಯನ್ನು ಆಡಿಸುತ್ತಲೇ ಇರುತ್ತದೆ. ಅದಕ್ಕೆ ಅನುಕೂಲವಾಗಿ ಕುತ್ತಿಗೆಯ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡಿಲ್ಲ. ಕಡಲಿನ ಬಹುಪಾಲು ಡಾಲ್ಫಿನ್‌ಗಳಲ್ಲಿ ಅವು ಬೆಸೆದಿರುವುದರಿಂದ ಅವುಗಳಿಗೆ ಕುತ್ತಿಗೆ ತಿರುಗಿಸುವುದು ಇಷ್ಟು ಸರಾಗವಲ್ಲ.

ಇನ್ನೂ ಸೋಜಿಗದ ಸಂಗತಿ ಎಂದರೆ ಇದು ಮಗ್ಗುಲಾಗಿ ಈಜುತ್ತದೆ. ದೋಣಿ ಒಂದು ಕಡೆಗೆ ವಾಲಿಕೊಂಡೇ ಸಾಗಿದಂತೆ, ಒಂದು ಪಕ್ಕೆಯನ್ನು ಕೆಳಗೆ ಮಾಡಿ, ಆ ಬದಿಯ ಅಗಲವಾದ ಈಜುರೆಕ್ಕೆಯನ್ನು ನದಿಯ ತಳಕ್ಕೆ ತಾಗಿಸಿ ತಡವುತ್ತ ಹೋಗುತ್ತದೆ. ಸಾವಿರಾರು ವರ್ಷ ದಡದಲ್ಲಿ ಬಾಳಿದ ಜನರಿಗೂ ಇದು ಸರಿಯಾಗಿ ಕಂಡಿರಲಾರದು, ಏಕೆಂದರೆ ಆ ನೀರಿನಲ್ಲಿ ಕಾಣುವ ಮಾತೇ ಇಲ್ಲ. 1960ರ ದಶಕದ ಕೊನೆಯಲ್ಲಿ ಇದರ ಹತ್ತಿರದ ಸಂಬಂಧಿಯಾದ ಸಿಂಧೂ ನದಿಯ ಡಾಲ್ಫಿನ್‌ಗಳನ್ನು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸ್ಟೈನ್‌ಹಾರ್ಟ್ ಅಕ್ವೇರಿಯಮ್ಮಿಗೆ ಒಯ್ದು ತಿಳಿನೀರಿನ ತೊಟ್ಟಿಗೆ ಬಿಟ್ಟಾಗ, ಅಲ್ಲಿದ್ದವರು ಇದನ್ನು ಗಮನಿಸಿ 1969ರಲ್ಲಿ ಪ್ರಕಟಿಸಿದರು. ಒಂದು ಪ್ರಾಣಿ ಹೇಗೆ ಈಜುತ್ತದೆ ಎಂಬ ಪ್ರಾಥಮಿಕ ಸಂಗತಿಯನ್ನು ತಿಳಿಯಲು ಅದನ್ನು ಅದರ ನದಿಯಿಂದಲೇ ಹೊರತೆಗೆಯಬೇಕಾಯಿತು.

ಮೈಯ ಅಳತೆ ಇತ್ಯಾದಿಗಳನ್ನು ಬೇಗ ಮುಗಿಸುತ್ತೇನೆ. ಹೆಣ್ಣು ಗಂಡಿಗಿಂತ ದೊಡ್ಡದು, ಸುಮಾರು ಎರಡೂವರೆ ಮೀಟರ್ ಉದ್ದಕ್ಕೆ ಬೆಳೆಯುತ್ತದೆ. ಅದರ ಮೂತಿಯೂ ಗಂಡಿನ ಮೂತಿಗಿಂತ ಉದ್ದ. ಬೆನ್ನ ಮೇಲೆ ಕಡಲ ಡಾಲ್ಫಿನ್ನಿಗೆ ಇರುವಂಥ ಕುಡುಗೋಲಾಕಾರದ ರೆಕ್ಕೆಯಿಲ್ಲ, ತಗ್ಗಾದ ಒಂದು ದಿಣ್ಣೆಯಷ್ಟೆ ಇದೆ. ಇಕ್ಕಳದಂಥ ದವಡೆಗಳಲ್ಲಿ ಹಲ್ಲುಗಳು ಒಂದರೊಳಗೊಂದು ಕೂತು ಬಾಯಿ ಮುಚ್ಚಿದಾಗಲೂ ಮುಂಭಾಗದವು ಹೊರಗೆ ಕಾಣುತ್ತವೆ. ಎಳೆಯದರಲ್ಲಿ ಸೂಜಿಯಂತಿರುವ ಹಲ್ಲು ಮುದಿಯಾದಂತೆ ಸವೆದು ಮೊಂಡಾದ ಗೂಟಗಳಾಗುತ್ತದೆ. ತಳದಲ್ಲಿರುವ ಸಣ್ಣ ಮೀನು, ಸಿಗಡಿ ಇದರ ಆಹಾರ. ಬಹುತೇಕ ಒಂಟಿಯಾಗಿಯೋ, ತಾಯಿ ಮತ್ತು ಮರಿ ಜೊತೆಯಾಗಿಯೋ ತಿರುಗುತ್ತದೆ. ಒಳ್ಳೆಯ ಮಡುವಿನಲ್ಲಿ ಹತ್ತಿಪ್ಪತ್ತು ಒಟ್ಟಿಗೆ ಕಂಡರೂ ಅದು ಸಂತೆಯಲ್ಲಿ ಸೇರಿದ ಜನರಂತೆ, ಕಡಲಿನವುಗಳ ಕಟ್ಟುನಿಟ್ಟಿನ ಹಿಂಡಿನಂತಲ್ಲ. ಹೆಣ್ಣು ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ. ಮರಿ ಹುಟ್ಟಿದಾಗ ಕಂದುಬಣ್ಣದ್ದಾಗಿರುತ್ತದೆ. ಅದು ತಾನೇ ಮರಿ ಹಾಕುವ ಪ್ರಾಯಕ್ಕೆ ಬರಲು ಹತ್ತು ವರ್ಷದಷ್ಟು ಬೇಕು. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ, ಇಷ್ಟು ಕಡಿಮೆ ಬಡ್ಡಿ ಹುಟ್ಟುವ ಖಾತೆಯಿಂದ ಅಸಲನ್ನು ಸ್ವಲ್ಪ ತೆಗೆದರೂ ಅದು ಮತ್ತೆ ತುಂಬಿಕೊಳ್ಳಲು ದಶಕಗಳೇ ಹಿಡಿಯುತ್ತವೆ.

ತಮ್ಮ ಲೇಖನ ಉಲ್ಲೇಖಿಸಿದ ಎಣಿಕೆಯ ಬಗ್ಗೆಯೂ ಒಂದು ಮಾತು. 2025ರ ಮಾರ್ಚಿನಲ್ಲಿ ಬಿಡುಗಡೆಯಾದ ವರದಿಯ ಪ್ರಕಾರ ದೇಶದ ಎಂಟು ರಾಜ್ಯಗಳ 28 ನದಿಗಳಲ್ಲಿ, 8,500 ಕಿಲೋಮೀಟರಿಗೂ ಹೆಚ್ಚು ದೂರ ದೋಣಿಯಲ್ಲಿ ಸಾಗಿ ಅಂದಾಜಿಸಿದ ಸಂಖ್ಯೆ 6,327. ಇದರಲ್ಲಿ ಉತ್ತರ ಪ್ರದೇಶದ್ದು 2,397, ಬಿಹಾರದ್ದು 2,220, ಪಶ್ಚಿಮ ಬಂಗಾಳದ್ದು 815, ಅಸ್ಸಾಮಿನದು 635. ಪಂಜಾಬಿನ ಬಿಯಾಸ್ ನದಿಯಲ್ಲಿ ಸಿಕ್ಕ ಮೂರು ಮಾತ್ರ ಸಿಂಧೂ ನದಿಯ ಡಾಲ್ಫಿನ್‌ಗಳು, ಉಳಿದವೆಲ್ಲ ಗಂಗೆಯವು. ಲೇಖಕರು ಈ ಸಂಖ್ಯೆಯನ್ನು ಕೊಟ್ಟು ‘ಸಮಾಧಾನಕರ ಏರಿಕೆ’ ಎಂದಿದ್ದಾರೆ. ಏರಿಕೆ ಎನ್ನಲು ಹಿಂದಿನ ಲೆಕ್ಕವೊಂದು ಬೇಕಲ್ಲವೆ? ಇಡೀ ನದೀವ್ಯವಸ್ಥೆಯನ್ನು ಒಂದೇ ಕ್ರಮದಲ್ಲಿ ಎಣಿಸಿದ್ದು ಇದೇ ಮೊದಲು. ಒಂದು ಸೆಕೆಂಡು ಮೇಲೆ ಬಂದು ಮತ್ತೆ ಒಂದೆರಡು ನಿಮಿಷ ಮುಳುಗುವ, ಮುಳುಗಿದಲ್ಲಿಯೇ ಏಳದ ಪ್ರಾಣಿಯನ್ನು ಎಣಿಸುವುದು ಮದುವೆಮನೆಯಲ್ಲಿ ಓಡಾಡುವ ಮಕ್ಕಳನ್ನು ಎಣಿಸಿದಂತೆ. ಆದ್ದರಿಂದಲೇ ಕಣ್ಣಿಗೆ ಕಂಡದ್ದರ ಜೊತೆಗೆ ನೀರಿನೊಳಗೆ ಇಳಿಬಿಟ್ಟ ಧ್ವನಿಗ್ರಾಹಕಗಳು ಕೇಳಿಸಿಕೊಂಡದ್ದನ್ನೂ ಸೇರಿಸಿ ಲೆಕ್ಕ ಹಾಕಲಾಯಿತು. ಕುರುಡು ಪ್ರಾಣಿಯನ್ನು ಎಣಿಸಲು ನಾವೂ ಕಿವಿಯನ್ನೇ ನಂಬಬೇಕಾಯಿತು ಎಂಬುದು ನನಗೆ ಬಹಳ ಹಿಡಿಸಿದ ವಿಚಾರ. 2024ರ ಡಿಸೆಂಬರಿನಲ್ಲಿ ಅಸ್ಸಾಮಿನಲ್ಲಿ ಮೊದಲ ಸಲ ಒಂದು ಗಂಡು ಡಾಲ್ಫಿನ್ನಿಗೆ ಹಗುರವಾದ ಉಪಗ್ರಹ ಟ್ಯಾಗ್ ಕಟ್ಟಿ ಬಿಡಲಾಗಿದೆ. ಅದು ಉಸಿರಿಗೆ ಮೇಲೆ ಬರುವ ಆ ಕ್ಷಣದಲ್ಲಿಯೇ ಸಂಕೇತ ಕಳಿಸುವಂಥದ್ದು. ಋತುವಿನಿಂದ ಋತುವಿಗೆ ಇವು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬ ತೀರಾ ಸಾಮಾನ್ಯ ಪ್ರಶ್ನೆಗೂ ಉತ್ತರ ಹುಡುಕುವ ಕೆಲಸ ಈಗಷ್ಟೇ ಶುರುವಾಗಿದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ಪ್ರಾಣಿಗೆ ಏನು ಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಬೇಕಾಗಿರುವುದು ಆಳವಾದ ನೀರು ಮತ್ತು ಸದ್ದಿಲ್ಲದ ನೀರು. ನಮ್ಮ ಕೂಡಲಿಯಲ್ಲಿ ತುಂಗೆ, ಭದ್ರೆಯರು ಸೇರುವಲ್ಲಿ ನೀರು ತಿರುಗಿ ಸುಳಿಯಾಗುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ: ಎರಡು ನದಿ ಕೂಡುವ ಕಡೆ, ನದಿ ತಿರುವು ತೆಗೆದುಕೊಳ್ಳುವ ಕಡೆ, ಬಂಡೆಗೆ ಬಡಿದು ಹಿಂದಿರುಗುವ ಕಡೆ ಹರಿವು ಮಂದವಾಗಿ ಮಡು ಕಟ್ಟುತ್ತದೆ, ಮೀನು ಸೇರುತ್ತದೆ, ಡಾಲ್ಫಿನ್ನಿಗೆ ಪ್ರವಾಹದೊಡನೆ ಹೆಣಗಾಡದೆ ಬೇಟೆಯಾಡಲು ಆಗುತ್ತದೆ. ಭಾಗಲ್ಪುರ ಜಿಲ್ಲೆಯ ಸುಲ್ತಾನ್‌ಗಂಜ್‌ನಲ್ಲಿ ನದಿಯೊಳಗೆ ಎದ್ದ ಬಂಡೆಯ ಮೇಲೆ ಅಜಗೈಬಿನಾಥ ದೇವಸ್ಥಾನವಿದೆ. ಭಗೀರಥನ ಹಿಂದೆ ಬರುತ್ತಿದ್ದ ಗಂಗೆಯನ್ನು ಜಹ್ನು ಋಷಿ ಕುಡಿದುಬಿಟ್ಟದ್ದು ಅಲ್ಲಿಯೇ ಎಂದು ಸ್ಥಳಪುರಾಣ. ನಮ್ಮ ಮನೆಗಳ ಜಾಹ್ನವಿಯರ ಹೆಸರಿನ ಮೂಲ ಆ ಕಥೆ. ಅಲ್ಲಿಂದ ಕೆಳಗೆ ಕಹಲ್‌ಗಾಂವ್‌ನಲ್ಲಿ ನದಿಯ ನಡುವೆ ಮೂರು ಕಲ್ಲುಗುಡ್ಡಗಳಿವೆ. ಈ ಎರಡು ಊರುಗಳ ನಡುವಿನ ಸುಮಾರು 60 ಕಿಲೋಮೀಟರ್ ಗಂಗೆಯನ್ನು 1991ರಲ್ಲಿ ವಿಕ್ರಮಶಿಲಾ ಗಂಗಾ ಡಾಲ್ಫಿನ್ ಅಭಯಾರಣ್ಯವೆಂದು ಘೋಷಿಸಲಾಯಿತು. ನಾನು ಕುಳಿತುಕೊಳ್ಳುತ್ತಿದ್ದ ಬರಾರಿ ಘಾಟ್ ಅದರ ನಡುವೆ ಬರುತ್ತದೆ.

ಆಳದ ವಿಷಯದಲ್ಲಿ ಈ ಪ್ರಾಣಿ ಸೋತಿರುವುದು ಬ್ಯಾರೇಜುಗಳಿಗೆ. ಜಾನ್ ಆಂಡರ್ಸನ್ ಎಂಬ ಪ್ರಾಣಿಶಾಸ್ತ್ರಜ್ಞ 1879ರಲ್ಲಿ ಬರೆದಾಗ ಯಮುನೆಯಲ್ಲಿ ದೆಹಲಿಯವರೆಗೂ ಇವು ಇದ್ದವು. ಇಂದು ದೆಹಲಿಯ ಯಮುನೆಯಲ್ಲಿ ಡಾಲ್ಫಿನ್ ಎಂದರೆ ಯಾರೂ ನಂಬುವುದಿಲ್ಲ. ಬಿಜನೂರು, ನರೋರಾ, ಕಾನ್ಪುರ, ಕೆಳಗೆ 1975ರಲ್ಲಿ ಕಾರ್ಯಾರಂಭ ಮಾಡಿದ ಫರಕ್ಕಾ, ಉಪನದಿಗಳಾದ ಕೋಸಿ, ಗಂಡಕ್, ಘಾಘ್ರಾಗಳ ಮೇಲಿನವು ಎಲ್ಲ ಸೇರಿ ಒಂದು ಕಾಲಕ್ಕೆ ಒಂದೇ ಆಗಿದ್ದ ಜಲಮಾರ್ಗವನ್ನು ಕೋಣೆಗಳಾಗಿ ಒಡೆದಿವೆ. ಬೇಸಿಗೆಯಲ್ಲಿ ನೀರನ್ನು ಕಾಲುವೆಗೆ ತಿರುಗಿಸಿದಾಗ ಮಡುಗಳು ಕುಗ್ಗುತ್ತವೆ, ಕೆಲವು ಪ್ರಾಣಿಗಳು ನೀರಿನ ಜೊತೆಗೆ ತಾವೂ ಕಾಲುವೆಗೆ ಹೋಗಿ ಸಿಕ್ಕಿಬೀಳುತ್ತವೆ. 2020ರ ಡಿಸೆಂಬರ್ 31ರಂದು ಉತ್ತರ ಪ್ರದೇಶದ ಪ್ರತಾಪಗಢ ಜಿಲ್ಲೆಯ ಕಾಲುವೆಯೊಂದರಲ್ಲಿ ಒಂದು ಡಾಲ್ಫಿನ್ನನ್ನು ಕೆಲವರು ದೊಣ್ಣೆ, ಕೊಡಲಿಗಳಿಂದ ಬಡಿದು ಕೊಂದ ದೃಶ್ಯ ಮೊಬೈಲುಗಳಲ್ಲಿ ಹರಿದಾಡಿದ್ದನ್ನು ಓದುಗರು ಮರೆತಿರಲಾರರು. ಹೊಡೆದವರ ಕ್ರೌರ್ಯದ ಬಗ್ಗೆ ಆಗ ಎಲ್ಲರೂ ಬರೆದರು. ನದಿಯ ಪ್ರಾಣಿ ಕಾಲುವೆಗೆ ಬಂದದ್ದು ಹೇಗೆ ಎಂದು ಕೇಳಿದವರು ಕಡಿಮೆ.

ಸದ್ದಿನ ವಿಷಯ ಇನ್ನೂ ಕಡಿಮೆ ಚರ್ಚೆಯಾಗಿರುವುದು, ಮತ್ತು ತಮ್ಮ ಲೇಖನದಲ್ಲಿ ಒಂದು ವಾಕ್ಯವೂ ಇಲ್ಲದಿರುವುದು. ಪ್ರಯಾಗದಿಂದ ಹಲ್ದಿಯಾವರೆಗಿನ 1,620 ಕಿಲೋಮೀಟರ್ ಗಂಗೆ 1986ರಿಂದ ಒಂದನೆಯ ರಾಷ್ಟ್ರೀಯ ಜಲಮಾರ್ಗ. ಇತ್ತೀಚಿನ ವರ್ಷಗಳಲ್ಲಿ ಅದರ ಮೇಲೆ ಸರಕಿನ ಹಡಗುಗಳು, ಪ್ರವಾಸಿ ನೌಕೆಗಳು ಹೆಚ್ಚುತ್ತಿವೆ, ಹಡಗು ತಳ ಹಿಡಿಯದಿರಲೆಂದು ಅಲ್ಲಲ್ಲಿ ಹೂಳು ತೆಗೆಯಲಾಗುತ್ತಿದೆ. ಬಿಹಾರದ ಗಂಗೆಯಲ್ಲಿ ನಡೆಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹಡಗುಗಳ ಸದ್ದು ಹೆಚ್ಚಾದಾಗ ಡಾಲ್ಫಿನ್‌ಗಳು ತಮ್ಮ ಸದ್ದಿನ ರೀತಿಯನ್ನೇ ಬದಲಿಸಿಕೊಳ್ಳುತ್ತವೆ, ಅದಕ್ಕಾಗಿ ಹೆಚ್ಚು ಶಕ್ತಿಯನ್ನು ವ್ಯಯಿಸಬೇಕಾಗುತ್ತದೆ, ಬೇಸಿಗೆಯ ಆಳವಿಲ್ಲದ ನೀರಿನಲ್ಲಿ ಈ ತೊಂದರೆ ಹೆಚ್ಚು ಎಂದು ತೋರಿಸಿದೆ. ಗಿರಣಿಯ ಪಕ್ಕದ ಮನೆಯಲ್ಲಿ ಮಾತಾಡುವವರು ಕೂಗಿ ಕೂಗಿ ಸಂಜೆಗೆ ಸುಸ್ತಾಗುವುದನ್ನು ನಾವು ಬಲ್ಲೆವು. ಆದರೆ ಅವರಿಗೆ ಕಣ್ಣಿದೆ, ಸನ್ನೆ ಮಾಡಬಹುದು, ಬಾಗಿಲು ಹಾಕಿಕೊಳ್ಳಬಹುದು. ಜಲಸಾರಿಗೆ ಲಾರಿಗಿಂತ ಅಗ್ಗ, ಹೊಗೆ ಕಡಿಮೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹಡಗೇ ಬೇಡವೆಂಬ ವಾದ ನನ್ನದಲ್ಲ. ಡಾಲ್ಫಿನ್ ಹೆಚ್ಚಿರುವ ಮಡುಗಳಲ್ಲಿ ವೇಗ ಕಡಿಮೆ ಮಾಡುವುದು, ನೀರು ಇಳಿದ ತಿಂಗಳುಗಳಲ್ಲಿ ಸಂಚಾರವನ್ನು ಮಿತಗೊಳಿಸುವುದು, ಮರಿಗಳಿರುವ ಕಾಲದಲ್ಲಿ ಹೂಳೆತ್ತದಿರುವುದು, ಇಷ್ಟನ್ನು ಕಟ್ಟುನಿಟ್ಟಾಗಿ ಪಾಲಿಸಿದರೂ ಬಹಳ ವ್ಯತ್ಯಾಸವಾಗುತ್ತದೆ. ಕಣ್ಣಿರುವ, ಚಿಮ್ಮುವ, ನಗುವ ಡಾಲ್ಫಿನ್ನಿನ ಚಿತ್ರ ನೋಡಿದ ಓದುಗನಿಗೆ ಈ ಬೇಡಿಕೆಯ ತರ್ಕವೇ ಹೊಳೆಯುವುದಿಲ್ಲ. ಹಡಗು ಬಂದರೆ ಅದು ನೋಡಿ ಪಕ್ಕಕ್ಕೆ ಸರಿಯುತ್ತದೆ ಬಿಡಿ ಎಂದುಕೊಳ್ಳುತ್ತಾನೆ.

ಬಲೆಯ ಕಥೆ ಬೇರೆ. ತೆಳುವಾದ ನೈಲಾನ್ ಎಳೆಯ ಬಲೆ ಈ ಪ್ರಾಣಿಯ ಪ್ರತಿಧ್ವನಿಗೆ ಸಿಗುವುದೇ ಕಷ್ಟ. ಸಿಕ್ಕಿಹಾಕಿಕೊಂಡರೆ ಉದ್ದ ಮೂತಿಯನ್ನು ಬಿಡಿಸಿಕೊಳ್ಳಲಾಗದೆ, ಮೇಲೆ ಬಂದು ಉಸಿರು ತೆಗೆದುಕೊಳ್ಳಲಾಗದೆ ನೀರಿನಲ್ಲಿಯೇ ಮುಳುಗಿ ಸಾಯುತ್ತದೆ. ನೀರಿನ ಪ್ರಾಣಿ ನೀರಿನಲ್ಲಿ ಮುಳುಗಿ ಸಾಯುವುದೆಂದರೆ ನಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ಅದು ಮೀನಲ್ಲ, ಮೊಲೆಯುಣಿಸುವ ಪ್ರಾಣಿ ಎಂಬುದನ್ನು ಮತ್ತೆ ಮತ್ತೆ ಹೇಳಬೇಕಾಗಿದೆ. ಹೀಗೆ ಸತ್ತದ್ದರ ಕೊಬ್ಬನ್ನು ಕಾಯಿಸಿ ತೆಗೆದ ಎಣ್ಣೆಗೆ ಹಿಂದೆ ಬೇಡಿಕೆಯಿತ್ತು: ಕೀಲುನೋವಿಗೆ ಹಚ್ಚಲು ಒಂದಿಷ್ಟು, ಕೆಲವು ಜಾತಿಯ ಮೀನುಗಳನ್ನು ಆಕರ್ಷಿಸಲು ಬಹುಪಾಲು. ಪಟ್ನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರವೀಂದ್ರ ಕುಮಾರ್ ಸಿನ್ಹಾ ಅವರು, ಮಾರುಕಟ್ಟೆಯಲ್ಲಿ ಮೀನು ಕತ್ತರಿಸಿದ ಮೇಲೆ ಉಳಿಯುವ ಕರುಳು, ಕಿವಿರುಗಳಿಂದ ತೆಗೆದ ಎಣ್ಣೆಗೂ ಆ ಮೀನುಗಳು ಅಷ್ಟೇ ಚೆನ್ನಾಗಿ ಬರುತ್ತವೆ ಎಂದು ಪ್ರಯೋಗ ಮಾಡಿ ತೋರಿಸಿದರು. ನನ್ನ ಮಟ್ಟಿಗೆ ಇದು ಈ ಇಡೀ ಕಥೆಯ ಅತ್ಯಂತ ಬುದ್ಧಿವಂತ ಕೆಲಸ, ಏಕೆಂದರೆ ಅದು ಬಡವನೊಬ್ಬನಿಗೆ ಉಪದೇಶ ಮಾಡದೆ ಅವನ ಕೈಗೆ ಬೇರೆ ಸೀಸೆ ಕೊಟ್ಟಿತು. ಸಿನ್ಹಾ ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು.

ಮೀನುಗಾರರನ್ನು ದೂರುವುದು ಸುಲಭವಾದ್ದರಿಂದ ಇದನ್ನೂ ಹೇಳಬೇಕು. ಸುಲ್ತಾನ್‌ಗಂಜ್‌ನಿಂದ ಪೀರ್‌ಪೈಂತಿಯವರೆಗೆ ಗಂಗೆಯ ಸುಮಾರು 80 ಕಿಲೋಮೀಟರ್ ನೀರಿಗೇ ಜಮೀನ್ದಾರರಿದ್ದರು. ದೇಶದಲ್ಲಿ ನೆಲದ ಜಮೀನ್ದಾರಿ ರದ್ದಾಗಿ ದಶಕಗಳಾದರೂ ನೀರಿನದು ಉಳಿದಿತ್ತು. ಬಲೆ ಬೀಸಲು ಮಲ್ಲಾಹರು ಅವರಿಗೆ ತೆರಿಗೆ ಕಟ್ಟಬೇಕಿತ್ತು. 1982ರಲ್ಲಿ ಕಹಲ್‌ಗಾಂವ್‌ನಿಂದ ಆರಂಭವಾದ ಗಂಗಾ ಮುಕ್ತಿ ಆಂದೋಲನದ ದೀರ್ಘ ಹೋರಾಟದ ಫಲವಾಗಿ 1991ರಲ್ಲಿ ಅದು ಕೊನೆಗೊಂಡಿತು. ಅದೇ ವರ್ಷ ಅದೇ ನೀರು ಅಭಯಾರಣ್ಯವೂ ಆಯಿತು. ತಲೆಮಾರುಗಳ ಬಳಿಕ ನದಿ ತಮ್ಮದಾಯಿತು ಎನ್ನುವಷ್ಟರಲ್ಲಿ ಅರಣ್ಯ ಇಲಾಖೆಯ ಫಲಕ ಬಂದದ್ದನ್ನು ಅವರು ಹೇಗೆ ಕಂಡಿರಬೇಕು ಎಂಬುದನ್ನು ಊಹಿಸಬಹುದು. ಬಲೆ ಹೆಣೆಯುತ್ತಿದ್ದ ಆ ಹಿರಿಯರು ನನಗೆ ಹೇಳಿದ್ದು ಇಷ್ಟು: ಸೋಂಸ್ ಇರುವಲ್ಲಿ ಮೀನು ಇದೆ ಎಂದು ಅರ್ಥ, ಅದು ಇಲ್ಲದ ಮಡುವಿಗೆ ನಾನು ಬಲೆ ಹಾಕುವುದಿಲ್ಲ. ಇಂಥ ತಿಳಿವಳಿಕೆಯನ್ನು ಕಾವಲಿಗೆ ಬಳಸಿಕೊಳ್ಳುವ ಪ್ರಯತ್ನಗಳು ನಡೆದಿವೆ, ಇನ್ನೂ ಹೆಚ್ಚಾಗಬೇಕು.

ಕಾನೂನಿನ ಕೊರತೆ ಇಲ್ಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇದರ ಹೆಸರಿದೆ. 2009ರ ಅಕ್ಟೋಬರ್ 5ರಂದು ಇದನ್ನು ರಾಷ್ಟ್ರೀಯ ಜಲಚರವನ್ನಾಗಿಸುವ ತೀರ್ಮಾನವಾಯಿತು. 2020ರ ಸ್ವಾತಂತ್ರ್ಯ ದಿನದಂದು ಡಾಲ್ಫಿನ್ ಯೋಜನೆ ಘೋಷಣೆಯಾಯಿತು. ಅಷ್ಟೇಕೆ, ಅಶೋಕನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಲ್ಲಿ ಬರುವ ‘ಗಂಗಾಪುಪುಟಕ’ ಇದೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ನಮ್ಮ ಮಸ್ಕಿ, ಬ್ರಹ್ಮಗಿರಿಗಳ ಶಾಸನಗಳಲ್ಲಿ ಆ ಪಟ್ಟಿಯಿಲ್ಲ, ಇರಬೇಕಾದ ಕಾರಣವೂ ಇರಲಿಲ್ಲ. ಇಷ್ಟೆಲ್ಲ ಇದ್ದೂ ಚೀನಾದ ಯಾಂಗ್‌ಟ್ಸಿ ನದಿಯ ಬೈಜಿ ಡಾಲ್ಫಿನ್ನಿಗೆ ಆದದ್ದು ಇದಕ್ಕೂ ಆಗದಿರಲಿ ಎಂಬ ಭಯ ತಜ್ಞರನ್ನು ಬಿಟ್ಟಿಲ್ಲ. ಅಲ್ಲಿಯೂ ಕಾನೂನಿತ್ತು, ಗೌರವವಿತ್ತು. ಹಡಗುಗಳೂ ಅಣೆಕಟ್ಟುಗಳೂ ಬಲೆ, ಗಾಳಗಳೂ ಇದ್ದವು. 2006ರ ಕೊನೆಯಲ್ಲಿ ಆರು ವಾರ ಹುಡುಕಿದ ವಿಜ್ಞಾನಿಗಳಿಗೆ ಒಂದೂ ಕಾಣಲಿಲ್ಲ, ಒಂದರ ಸದ್ದೂ ಕೇಳಲಿಲ್ಲ.

ಕರ್ನಾಟಕದ ನದಿಗಳಲ್ಲಿ ಡಾಲ್ಫಿನ್ ಇಲ್ಲ. ಕಾರವಾರದ ಕಡೆ ಕಾಳಿಯ ಅಳಿವೆಯಲ್ಲಿ ಕಾಣುವ ಗೂನುಬೆನ್ನಿನವು ಕಡಲಿನವು. ಹಾಗಿದ್ದೂ ಗಂಗಾಸ್ನಾನ, ತುಂಗಾಪಾನ ಎನ್ನುವ ನಾಡು ನಮ್ಮದು. ಗಂಗಾದೇವಿಯ ವಾಹನವಾದ ಮಕರವನ್ನು ಬೇಲೂರು, ಹಳೇಬೀಡುಗಳ ಶಿಲ್ಪಿಗಳು ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಗರಿ ಎಲ್ಲ ಸೇರಿಸಿ ಕಡೆದಿದ್ದಾರೆ. ಅವರನ್ನು ಯಾರೂ ತಪ್ಪುಗಾರರೆನ್ನುವುದಿಲ್ಲ, ಅವರು ಜೀವಶಾಸ್ತ್ರದ ಲೇಖನಕ್ಕೆ ಚಿತ್ರ ಬಿಡಿಸುತ್ತಿರಲಿಲ್ಲ. ಪ್ರತಿವರ್ಷ ಸಾವಿರಾರು ಕನ್ನಡಿಗರು ಕಾಶಿ, ಪ್ರಯಾಗ, ಗಯೆಗಳಿಗೆ ಹೋಗಿ ಗಂಗೆಯ ತಾಲಿ ಹೊತ್ತು ತರುತ್ತಾರೆ. ಘಾಟಿನ ಗದ್ದಲದಲ್ಲಿ ಇದು ಕಾಣುವುದಿಲ್ಲ. ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಕಾಶಿಯಿಂದ ಕೆಳಗೆ ಗೋಮತಿ ಬಂದು ಸೇರುವ ಕೈಥಿಯ ಕಡೆ ಹೋಗಿ, ಮೊಬೈಲನ್ನು ಜೇಬಿನಲ್ಲಿಟ್ಟು ದಡದಲ್ಲಿ ಕುಳಿತರೆ, ಅದೃಷ್ಟವಿದ್ದರೆ ಆ ಉಸಿರು ಕೇಳಿಸುತ್ತದೆ. ಇಂಜಿನ್ ದೋಣಿಯವರು ಹತ್ತಿರ ಕರೆದೊಯ್ಯುತ್ತೇವೆಂದರೆ ಬೇಡವೆನ್ನಿ.

ಮುಂದಿನ ಪುರವಣಿಯಲ್ಲಿ ಒಂದು ತಿದ್ದುಪಡಿ ಹಾಕಿ, ಸಾಧ್ಯವಾದರೆ ಸರಿಯಾದ ಚಿತ್ರವನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ. ತಮ್ಮ ಪುಟವಿನ್ಯಾಸದವರಿಗೆ ಅನುಕೂಲವಾಗಲೆಂದು ಒಂದು ಗುರುತು ಹೇಳುತ್ತೇನೆ: ಬೆನ್ನ ಮೇಲೆ ಎತ್ತರದ ರೆಕ್ಕೆ ಕಂಡರೆ ಆ ಚಿತ್ರ ಬೇಡ, ಮೂತಿ ಇಕ್ಕಳದಂತೆ ಉದ್ದವಿದ್ದು, ಬಾಯಿ ಮುಚ್ಚಿದ್ದರೂ ಹಲ್ಲು ಕಾಣುತ್ತಿದ್ದು, ಕಣ್ಣು ಎಲ್ಲಿದೆ ಎಂದು ಹುಡುಕಬೇಕಾಗಿ ಬಂದರೆ ಅದನ್ನೇ ಹಾಕಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಅಧಿಕಾರಿ,
ಶಿವಮೊಗ್ಗ